ಐದು ದಿನದ ಭಾಷಣ, ನೂರು ವರ್ಷದ ಬೇಗೆ

ಸೆಪ್ಟೆಂಬರ್ 17 ಬಂತೆಂದರೆ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಧ್ವಜ ಏರುತ್ತದೆ, ಮಕ್ಕಳು ಬಿಸಿಲಲ್ಲಿ ಸಾಲುಗಟ್ಟುತ್ತಾರೆ, ಭಾಷಣ ಶುರುವಾಗುತ್ತದೆ. ಧ್ವಜದ ಬಗ್ಗೆ ನನ್ನ ತಕರಾರಿಲ್ಲ, ಇರುವುದು ಭಾಷಣದ ಬಗ್ಗೆ. ಅದು ಪ್ರತಿ ವಿಮೋಚನಾ ದಿನವೂ ಹೀಗೇ ಸಾಗುತ್ತದೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು, ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದ ನಮಗೆ ಬರಲಿಲ್ಲ. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆ, ರಜಾಕಾರರು, ಹಾವಳಿ ಎಬ್ಬಿಸಿದರು. 1948ರ ಸೆಪ್ಟೆಂಬರ್ 13ರಂದು ಪಟೇಲರು ಸೈನ್ಯ ಕಳಿಸಿದರು. ಐದನೇ ದಿನಕ್ಕೆ ನಿಜಾಮ ಮಣಿದ. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಈ ಕಥೆಯೊಳಗೆ ಜನರಿಗೆ ಎರಡೇ ಕೆಲಸ: ಮೊದಲು ಒದೆ ತಿನ್ನುವುದು, ಆಮೇಲೆ ಚಪ್ಪಾಳೆ ತಟ್ಟುವುದು.

ಭಾಷಣಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 1947ರ ಆಗಸ್ಟ್ 15ರಂದು ಮಾನ್ವಿ ಸೀಮೆಯ ಹೊಳೆದಂಡೆಯಲ್ಲಿ ನಿಂತವನಿಗೆ ತುಂಗಭದ್ರೆಯ ಆಚೆ ದಡ ಮದ್ರಾಸ್ ಪ್ರಾಂತ್ಯ, ಅಂದರೆ ಸ್ವತಂತ್ರ ಭಾರತ. ಈಚೆ ದಡದಲ್ಲಿ ತ್ರಿವರ್ಣ ಧ್ವಜ ಹಾರಿಸಿದರೆ ಜೈಲು. ನಡುವೆ ಒಂದು ಹೊಳೆ, ಹದಿಮೂರು ತಿಂಗಳು. ಆ ಅಂತರವನ್ನು ಮರೆಯಗೊಡದೆ ಉಳಿಸಿದ್ದು ಈ ಆಚರಣೆಯೇ.

ಆದರೆ ಭಾಷಣದ ಮೊದಲ ಲೋಪ ಇಸವಿಯದು: ಬೇಗೆ ಹತ್ತಿದ್ದು 1947ರಲ್ಲಲ್ಲ. ಕೃಷ್ಣೆ, ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡನ್ನು 1853ರಲ್ಲಿ ನಿಜಾಮ ಬ್ರಿಟಿಷರ ಕೈಗೆ ಒಪ್ಪಿಸಿದ. ಕಾರಣ ಸಾಲ. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಸಂಬಳ ಬಾಕಿ ಬಿದ್ದಿತ್ತು. ಹೊಲ ಅಡವಿಟ್ಟಂತೆ ನಾಡನ್ನೇ ಅಡವಿಟ್ಟ. ದೇವದುರ್ಗದಿಂದ ತಿಂಥಣಿ ಸೇತುವೆ ದಾಟಿದರೆ ಸುರಪುರ ಸೀಮೆ. 1858ರಲ್ಲಿ ಅಲ್ಲಿನ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ತಿರುಗಿಬಿದ್ದಾಗ, ಲಿಂಗಸುಗೂರು ಛಾವಣಿಯಿಂದ ಅವನ ಮೇಲೆ ಹೋದದ್ದು ಇದೇ ಕಂಟಿಂಜೆಂಟ್. 1860ರಲ್ಲಿ ನಿಜಾಮನ ನಿಷ್ಠೆಗೆ ಇನಾಮು ಸಿಕ್ಕಿತು: ಐವತ್ತು ಲಕ್ಷದ ಸಾಲ ಮನ್ನಾ, ಎಡೆದೊರೆ ವಾಪಸ್, ಮೇಲೆ ಸುರಪುರ. ಕೊಟ್ಟಾಗಲೂ ಮರಳಿ ಪಡೆದಾಗಲೂ ರೈತನನ್ನು ಯಾರೂ ಕೇಳಲಿಲ್ಲ. ವಸಾಹತು ಆಳ್ವಿಕೆ ಅಂದರೆ ಬಿಳಿ ಮುಖವೇ ಇರಬೇಕೆಂದು ನಂಬಿದ ಭಾಷಣಕಾರರಿಗೆ 1853, 1860 ಎಂಬ ಈ ಎರಡು ಇಸವಿಗಳು ಬೇಕಾಗುವುದೇ ಇಲ್ಲ.

ಎರಡನೆಯ ಲೋಪ ಭಾಷೆಯದು. ಕಚೇರಿಯ ಕಾಗದ ಉರ್ದು, 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದು. ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದವನಿಗೆ ಆಳ್ವಿಕೆ ಪರಕೀಯವೆಂದು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಗಂತ ಇದು ಉರ್ದುವಿನ ಮೇಲಿನ ಹಗೆಯಾಗಿರಲಿಲ್ಲ. 1920ರ ದಶಕದ ಆರಂಭದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಶಾಲೆಯ ಹೆಸರೇ ‘ಹಮ್‌ದರ್ದ್’. ನೋವಿನಲ್ಲಿ ಜೊತೆಗಾರ ಎಂದರ್ಥ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಊರಲ್ಲಿ ನಡೆಯಿತು. ರಾಜಕೀಯ ಸಭೆಗೆ ಕಡಿವಾಣ ಹಾಕುವ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಇದ್ದ ಸಂಸ್ಥಾನದಲ್ಲಿ ಸಾಹಿತ್ಯದ ಸಭೆಯೇ ಉಸಿರಾಡುವ ಕಿಟಕಿ.

ಕುಂದುಕೊರತೆ ಯುದ್ಧವಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಜನ ಮೊದಲು ಕೇಳಿದ್ದು ಶಾಲೆ, ಭಾಷೆ, ಜವಾಬ್ದಾರಿ ಸರ್ಕಾರ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಣ್ಣು ಬಿಡುವ ಮೊದಲೇ ನಿಷೇಧ ಬಿತ್ತು, ತೆರವಾದದ್ದು 1946ರಲ್ಲಿ. ಅರ್ಜಿ ಕೊಡುವ ಬಾಗಿಲಿಗೆ ಎಂಟು ವರ್ಷ ಬೀಗ ಜಡಿದರೆ ಅರ್ಜಿದಾರ ಬೇರೆ ದಾರಿ ಹುಡುಕುತ್ತಾನೆ. ಕಾಂಗ್ರೆಸ್ ನಾಯಕ ಸ್ವಾಮಿ ರಮಾನಂದ ತೀರ್ಥರ ಸತ್ಯಾಗ್ರಹ ಒಂದು ದಾರಿ. ಗಡಿಯಾಚೆಯ ಸಶಸ್ತ್ರ ಹೋರಾಟದ ಶಿಬಿರಗಳು ಇನ್ನೊಂದು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಕಟ್ಟಿದ ಶಿಬಿರಗಳಿಗೆ ಸೇರಿದವರು ಹುಟ್ಟು ಸಿಪಾಯಿಗಳಲ್ಲ. ಭಾಷಣ ಅವರ ಹೆಸರನ್ನು ಓದುತ್ತದೆ. ಅವರನ್ನು ಅಲ್ಲಿಗೆ ದೂಡಿದ್ದೇನೆಂದು ಹೇಳುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ ಮೌನ. ‘ಪೊಲೀಸ್ ಆಕ್ಷನ್’ ಎಂದು ಕರೆದ ಆ ಐದು ದಿನಗಳ ಸೈನಿಕ ಕಾರ್ಯಾಚರಣೆಯ ನಂತರದ ವಾರಗಳಲ್ಲಿ ಸಂಸ್ಥಾನದ ಮುಸ್ಲಿಮರ ಮೇಲೆ ನಡೆದದ್ದನ್ನು ನೋಡಿಬರಲು ಭಾರತ ಸರ್ಕಾರವೇ ಸುಂದರಲಾಲ್ ಸಮಿತಿಯನ್ನು ಕಳಿಸಿತ್ತು. ಸತ್ತವರು 27,000ದಿಂದ 40,000 ಎಂದು ಸಮಿತಿ ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನೆರೆಯ ಕಲಬುರಗಿ, ಬೀದರ್ ಎರಡೂ ಸೇರಿದ್ದವು. ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ರಜಾಕಾರರ ಕ್ರೌರ್ಯ ಹೇಳಿದ ಬಾಯಿಯೇ ಇದನ್ನೂ ಹೇಳಿದ್ದರೆ ವಿಮೋಚನೆಯ ತೂಕ ಕಡಿಮೆಯಾಗುತ್ತಿರಲಿಲ್ಲ.

ಹೆಸರಿನ ಜಗಳಕ್ಕೇನೂ ಕೊರತೆಯಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ವಿಮೋಚನಾ ದಿನ ಉತ್ಸವವಾಯಿತು. ಫಲಕ ಬದಲಾಯಿತು, ಭಾಷಣ ಅದೇ.

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, 1294ರ ತೆಲುಗು ಶಾಸನ. ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿದೆ. ಕಲ್ಲನ್ನು ಬಂಡಿಗೆ ಹೇರಿ ಎಳೆತಂದ ಜಾನುವಾರುಗಳ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟ ಆಳುಗಳು ಕೂಡ ಅಲ್ಲೇ ಗೋಡೆಯ ಮೇಲೆ ಚಿತ್ರವಾಗಿದ್ದಾರೆ. ಬರುವ ಸೆಪ್ಟೆಂಬರ್‌ನಲ್ಲಿ ಭಾಷಣ ಬರೆಯುವವರು ಹಿಂದಿನ ವರ್ಷದ ಹಾಳೆ ತೆಗೆಯುವ ಮುನ್ನ ಒಮ್ಮೆ ಆ ಗೋಡೆಯ ಎದುರು ನಿಂತು ಬರಲಿ.