ಬಿದಿರ ಚಂದ್ರ, ಲಂಟಾನ ಆನೆ, ಕಾಂಕ್ರೀಟ್ ಹುಲಿ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ, ದೀಪದಗಿರಿ ಒಡ್ಡಿನ ಮೇಲೆ, 108 ಅಡಿ ಎತ್ತರದ ಮಾದಪ್ಪ, ಅಂದರೆ ಮಹದೇಶ್ವರ, ಹುಲಿಯೇರಿ ನಿಂತಿದ್ದಾನೆ. 2023ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆಗೆ ಎರಡು ತಿಂಗಳೂ ಉಳಿದಿಲ್ಲದಾಗ, ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಈ ಪ್ರತಿಮೆಯನ್ನು ಲೋಕಾರ್ಪಣೆ ಮಾಡಿದರು. ದೂರದಿಂದಲೇ ಕಾಣುತ್ತದೆ, ಫೋಟೊಗೆ ಚೆನ್ನಾಗಿ ಒದಗುತ್ತದೆ, ಭಕ್ತರು ಕೈಮುಗಿಯುತ್ತಾರೆ. ಕಲಾಕೃತಿಯೆಂದು ನೋಡಿದರೆ ಮಾತ್ರ ಇದು ಕ್ಯಾಲೆಂಡರಿನ ಮಾದಪ್ಪನನ್ನೇ ಹಿಗ್ಗಿಸಿದ್ದು. ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡುವ ಕಾವ್ಯದ ಮಾದಪ್ಪ ಅಲೆಮಾರಿ, ಹಟಮಾರಿ, ಒಕ್ಕಲನ್ನು ಸತಾಯಿಸಿ ಒಲಿಸಿಕೊಳ್ಳುವವನು. ಅವನ ಒಂದು ಚಹರೆಯೂ ಕಾಂಕ್ರೀಟಿಗೆ ಇಳಿದಿಲ್ಲ.

ದೊಡ್ಡ ನಗರಗಳಲ್ಲಿ ಸಾರ್ವಜನಿಕ ಕಲೆಯ ದಾರಿ ಬೇರೆ. ಅಲ್ಲಿ ‘ಸಮುದಾಯದ ಸಹಭಾಗಿತ್ವ’ ಎಂಬ ಮಾತಿಲ್ಲದೆ ಈಗ ಒಂದು ಗೋಡೆಗೂ ಬಣ್ಣ ಬೀಳುವುದಿಲ್ಲ. ಬ್ರಿಟಿಷರ ಕೊನೆಗಾಲದಲ್ಲಿ ಸರ್ಕಾರಿ ನೌಕರರಿಗೆಂದು ಕಟ್ಟಿದ ದೆಹಲಿಯ ಲೋಧಿ ಕಾಲೊನಿಯ ಗೋಡೆಗಳನ್ನು ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಕಳೆದ ದಶಕದ ನಡುವಿನಿಂದ ದೇಶವಿದೇಶದ ಕಲಾವಿದರಿಗೆ ಒಪ್ಪಿಸಿತು. 2020ರ ಹೊತ್ತಿಗೆ ಅದೇ ಸಂಸ್ಥೆ ಚೆನ್ನೈನ ಕಣ್ಣಗಿ ನಗರಕ್ಕೆ ಬಂತು. ಊರೊಳಗಿನ ಗುಡಿಸಲುಗಳಿಂದ ಎಬ್ಬಿಸಿದ ಕುಟುಂಬಗಳನ್ನು ತಂದು ಹಾಕಿದ ಪುನರ್ವಸತಿ ಕಾಲೊನಿ ಅದು. ಚಿತ್ರಗಳು ಸೊಗಸಾಗಿವೆ, ಹೆಸರು ಕೆಟ್ಟಿದ್ದ ಬಡಾವಣೆಯ ಬಗ್ಗೆ ಪತ್ರಿಕೆಗಳು ಒಳ್ಳೆಯ ಮಾತು ಬರೆದವು. ಇದನ್ನು ಅಲ್ಲಗಳೆಯಬೇಕಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಅಲ್ಲಿನ ನಿವಾಸಿಗಳು ಯಾರೂ ಮನೆಯಿಂದ ಹೊರಗೆ ಬಾರದಿದ್ದರೂ ಆ ಚಿತ್ರಗಳು ಆಗುತ್ತಿದ್ದವಲ್ಲವೆ?

ಜನ ಬರದಿದ್ದರೆ ಕೆಲಸವೇ ನಿಲ್ಲುವಂಥ ಕಲೆ ಹೇಗಿರುತ್ತದೆಂದು ನೋಡಲು ಕೊಳ್ಳೇಗಾಲದಿಂದ ಬಹಳ ದೂರ ಹೋಗಬೇಕಿಲ್ಲ. ಬನದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲೋತ್ಸವ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆಯ ಅಂಗಳದಲ್ಲಿ ಬಿದಿರಿನ ಎತ್ತರದ ಚೌಕಟ್ಟು ಏಳುತ್ತದೆ. ಅದರ ಮೈತುಂಬ ಬಟ್ಟೆ ಸುತ್ತುತ್ತಾರೆ. ಬಿದಿರು ತರುವವರು, ಕಟ್ಟುವವರು, ಬಟ್ಟೆ ಕೊಡುವವರು, ಎಣ್ಣೆ ಒದಗಿಸುವವರು ಹೀಗೆ ಸುತ್ತಲಿನ ಏಳು ಹಳ್ಳಿಗಳ ಬೇರೆ ಬೇರೆ ಒಕ್ಕಲುಗಳ ಕೈ ಅದರಲ್ಲಿ ಕೂಡಿರುತ್ತದೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರು ಬಂದು ಬೆಂಕಿ ಮುಟ್ಟಿಸುತ್ತಾರೆ. ಕತ್ತಲಲ್ಲಿ ಇಡೀ ಚೌಕಟ್ಟು ಧಗ್ಗನೆ ಹೊತ್ತಿಕೊಂಡಾಗ ಜನ ದವಸ, ನಾಣ್ಯ ಎರಚಿ ಉಘೇ ಎನ್ನುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಜೋರಾಗಿ ವಾಲಿತೋ ಆ ಸೀಮೆಗೆ ಆ ವರ್ಷ ಮಳೆಬೆಳೆ ಚೆನ್ನ ಎಂಬ ನಂಬಿಕೆ. ಹಾಗಾಗಿ ಸಾವಿರಾರು ಜನ ಒಂದು ಕೃತಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಯಾವ ಗ್ಯಾಲರಿಗೂ ಈ ಭಾಗ್ಯವಿಲ್ಲ!

ರೂಪದ ದೃಷ್ಟಿಯಿಂದಲೂ ಚಂದ್ರಮಂಡಲ ಗಟ್ಟಿ ಕೃತಿ. ಹಗಲಲ್ಲಿ ಅದು ಬರೀ ಬಿದಿರು, ಬಟ್ಟೆ. ಕೆಲವು ನಿಮಿಷ ಮಾತ್ರ ಚಂದ್ರ. ಮಾಡಿದವರೇ ಅದನ್ನು ಉರಿಸುತ್ತಾರೆ, ಮುಂದಿನ ವರ್ಷ ಮತ್ತೆ ಮಾಡಲೇಬೇಕು. ಕಟ್ಟುವ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ಈ ಕಾರಣಕ್ಕೇ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಡಬಾರದ ಪಾಡು ಪಡುತ್ತಾನೆ. ಕೇಳಿ ತಂದು ಕಟ್ಟುವುದು ಈ ಪರಂಪರೆಗೆ ಹೊಸದಲ್ಲ.

ಹಾಗೆಂದು ಇದನ್ನೇ ಆದರ್ಶ ಮಾಡಿ ಕೂರಿಸುವುದೂ ಸರಿಯಲ್ಲ. ಇಲ್ಲಿ ಪಾಲು ಹುಟ್ಟಿನಿಂದ ಬರುತ್ತದೆ. ಯಾವ ಕೆಲಸ ಯಾರದೆಂಬುದನ್ನು ಜಾತಿ ತೀರ್ಮಾನಿಸಿಬಿಟ್ಟಿದೆ. ಜಾತ್ರೆಯ ನಾಲ್ಕನೇ ದಿನದ ಪಂಕ್ತಿಸೇವೆ, ಅಂದರೆ ಭೇದವಿಲ್ಲದೆ ಒಟ್ಟಿಗೆ ಕುಳಿತು ಮಾಂಸದಡುಗೆ ಉಣ್ಣುವುದು, ಈ ಕೊರತೆಗೆ ಪರಂಪರೆಯೇ ಕೊಟ್ಟುಕೊಂಡ ಉತ್ತರದಂತಿದೆ. ವಿಚಿತ್ರವೆಂದರೆ ಆಡಳಿತ 1959ರ ಪ್ರಾಣಿಬಲಿ ತಡೆ ಕಾಯ್ದೆ ಹಿಡಿದು ಚೆಕ್‌ಪೋಸ್ಟ್ ಹಾಕಿದ್ದು ಆ ಊಟಕ್ಕೇ. ಇದು ಬಲಿಯಲ್ಲ, ಸಹಭೋಜನ ಎಂದು ಒಕ್ಕಲಿನವರು, ಪ್ರಗತಿಪರರು ವಾದಿಸುತ್ತಲೇ ಬಂದಿದ್ದಾರೆ.

ಇನ್ನು ಲಂಟಾನದ ಆನೆ. ಬ್ರಿಟಿಷರು ಅಂದಕ್ಕೆಂದು ತಂದ ಈ ಗಿಡ ಇವತ್ತು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ನೆಲವನ್ನೇ ನುಂಗಿದೆ. ತರಗು ಬೆಂಕಿ, ಅಂದರೆ ಒಣ ತರಗೆಲೆಗೆ ಇಡುವ ಸಣ್ಣ ಬೆಂಕಿ, ಹಾಕುವುದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹೀಗೆ ಹಬ್ಬಿತು ಎನ್ನುತ್ತಾರೆ ಈ ಕಾಡಿನ ಬುಡಕಟ್ಟಾದ ಸೋಲಿಗರ ಹಿರಿಯರು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಒತ್ತಾಸೆಯಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಿಂದ ಕುರ್ಚಿ, ಮೇಜು ಮಾಡಲು ಕಲಿತರು, ಆಮೇಲೆ ಆಳೆತ್ತರ ಮೀರಿದ ಆನೆಗಳನ್ನೂ ಮಾಡಿದರು. ಕಡಿದ ಕೋಲನ್ನು ನೀರಲ್ಲಿ ಕುದಿಸಿ, ತೊಗಟೆ ಸುಲಿದು, ಬಿಸಿ ಆರುವ ಮೊದಲೇ ಕಬ್ಬಿಣದ ಚೌಕಟ್ಟಿಗೆ ಬಾಗಿಸಿ ಬಿಗಿಯಬೇಕು. ಹತ್ತಿರದಿಂದ ನೋಡಿದರೆ ಸೊಂಡಿಲ ಮಡಿಕೆ, ಕಿವಿಯ ಅಂಚು, ಹೆಗಲ ಇಳಿಜಾರು ಎಲ್ಲವೂ ಕೋಲಿನ ಹರಿವಿನಲ್ಲೇ ಮೂಡಿರುತ್ತವೆ. ಆನೆಯ ಜೊತೆ ಬದುಕಿದವರಿಗೆ ಮಾತ್ರ ಹೊಳೆಯುವ ಅಳತೆ ಅದು. 108 ಅಡಿಯ ಹುಲಿಯಲ್ಲಿ ಸಿಗದ ಜೀವ ಈ ಆನೆಯಲ್ಲಿದೆ.

ಆಕ್ಷೇಪವಿರುವುದು ಅದು ನಿಲ್ಲುವ ಜಾಗದ ಬಗ್ಗೆ. ನೀಲಗಿರಿ ಸೀಮೆಯ ಬುಡಕಟ್ಟು ಕುಶಲಕರ್ಮಿಗಳು ಮಾಡಿದ ಇಂಥದೇ ಆನೆಗಳ ಹಿಂಡು 2024ರಲ್ಲಿ ಲಾಲ್‌ಬಾಗ್‌ನಲ್ಲಿ ನಿಂತು, ಅಮೆರಿಕದ ಊರುಗಳಲ್ಲೂ ಮೆರೆಯಿತು. ಕೊಳ್ಳೇಗಾಲದಂಥ ಪಟ್ಟಣದ ಹೊಸ ಬಡಾವಣೆಯ ಪಾರ್ಕಿಗೆ ಅದು ಯಾಕೆ ಬರಬಾರದು? ನಮ್ಮ ಸಣ್ಣ ಊರುಗಳ ಪಾರ್ಕುಗಳಲ್ಲಿ ಸಿಗುವುದು ಫೈಬರ್ ಜಿಂಕೆ, ಸಿಮೆಂಟ್ ಅಣಬೆ. ಗೋಡೆಗಳಲ್ಲಿ ಸ್ವಚ್ಛ ಸರ್ವೇಕ್ಷಣೆಯ ಅಂಕಕ್ಕಾಗಿ ಬರೆಸಿದ ಕಸದಬುಟ್ಟಿ ಮತ್ತು ಗಾಂಧಿ ಕನ್ನಡಕ. ಯಳಂದೂರಿನಲ್ಲಿ ಗೌರೀಶ್ವರ ಗುಡಿಯ ಬಳೆ ಮಂಟಪದ ಕಲ್ಲಿನ ಬಳೆಗಳು ಹದಿನೇಳನೇ ಶತಮಾನದಿಂದ ತೂಗುತ್ತಿರುವ ಸೀಮೆಯಿದು!

ದಾರಿ ಇಲ್ಲವೆಂದಲ್ಲ. 2009ರ ಸುಮಾರಿಗೆ ಬೆಂಗಳೂರು ಪಾಲಿಕೆ ಗೋಡೆಗಳಿಗೆ ಬಣ್ಣ ಹಾಕಿಸಿದಾಗ, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಕುಂಚ ಕೊಟ್ಟಿತ್ತು. ಚಿತ್ರಗಳ ಮಟ್ಟದ ಬಗ್ಗೆ ತಕರಾರು ಬಂತು, ಕೂಲಿ ಮಾತ್ರ ಸರಿಯಾದ ಕೈಗೆ ಹೋಯಿತು. ಪಾರ್ಕಿನ ಕೆಲಸವಾದರೆ ಟೆಂಡರ್, ಟೆಂಡರಿಗೆ ನೋಂದಾಯಿತ ಗುತ್ತಿಗೆದಾರನ ಲೈಸೆನ್ಸು, ಠೇವಣಿ. ಸೋಲಿಗರ ಹಾಡಿಯಾದ ಪೋಡಿನ ಕುಶಲಕರ್ಮಿ ಇವನ್ನೆಲ್ಲ ಎಲ್ಲಿಂದ ತರಬೇಕು? ರಾಜ್ಯದ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆಯಲ್ಲಿ 4(ಜಿ) ಎಂಬ ವಿನಾಯಿತಿ ಇದೆ. ನಿರ್ಮಿತಿ ಕೇಂದ್ರಗಳಿಗೆ, ಹಿಂದೆ ಭೂಸೇನೆ ಎನಿಸಿದ್ದ ಕೆಆರ್‌ಐಡಿಎಲ್‌ಗೆ ಟೆಂಡರಿಲ್ಲದೆ ಕಾಮಗಾರಿ ವಹಿಸಲು ಸರ್ಕಾರ ಅದನ್ನು ಧಾರಾಳವಾಗಿ ಬಳಸುತ್ತದೆ. ಸೋಲಿಗರ ಸಂಘವೊಂದಕ್ಕೆ ನಾಲ್ಕು ಆನೆಗಳ ಕೆಲಸ ಕೊಡಲೂ ಅದೇ ಕಲಂ ಸಾಕು, ಕಡತವನ್ನು ಯಾರಾದರೂ ಶುರುಮಾಡಬೇಕಷ್ಟೆ.