‘ಕುರು’ ಶಬ್ದದ ಅರ್ಥ ಮತ್ತು ನಿಷ್ಪತ್ತಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪರಿಸರದ ಆಡುಮಾತಿನಲ್ಲಿ ಚರ್ಮದ ಮೇಲೆ ಏಳುವ ಬಾವುಗಳಿಗೆ ಹೆಸರುಗಳು ಹಲವು. ಹರೆಯದವರ ಮುಖದಲ್ಲಿ ಕಾಣಿಸುವುದು ಮೊಡವಿ. ಒಳಗೆ ನೀರು ತುಂಬಿ ಉಬ್ಬುವುದು ಗುಳ್ಳಿ. ಕೆಂಪೇರಿ, ಗಟ್ಟಿಯಾಗಿ, ನೋಯುತ್ತ ಕೊನೆಗೆ ಕೀವುಗಟ್ಟುವುದು ಕುರ. ಈ ಕೊನೆಯ ಶಬ್ದದ ಗ್ರಂಥಸ್ಥ ರೂಪ ‘ಕುರು’. ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಅದನ್ನು ತಿರುಳ್ಗನ್ನಡದ ನಾಡಿನಲ್ಲಿ ‘ಕವಿರಾಜಮಾರ್ಗ’ವು ಎಣಿಸಿದೆ. ಅಂಥ ನೆಲದ ಮಾತಿನಲ್ಲಿ ಇಂದಿಗೂ ಉಳಿದಿರುವ ಈ ಶಬ್ದದ ಮೂಲವನ್ನು ವಿಚಾರಿಸುವುದು ಉಚಿತವಾಗಿದೆ.

ಮೇಲುನೋಟಕ್ಕೆ ಎರಡು ನಿಷ್ಪತ್ತಿಗಳು ಸುಲಭವಾಗಿ ತೋರುತ್ತವೆ. ಸಂಸ್ಕೃತದ ‘ಗುರು’ ಶಬ್ದಕ್ಕೆ ಭಾರವಾದುದು ಎಂಬ ಅರ್ಥವಿರುವುದರಿಂದ, ಬಾತು ಭಾರವಾದುದೇ ಕುರು ಎನ್ನಬಹುದು. ಇಲ್ಲವೆ, ಕನ್ನಡದ ‘ಕುಱು’ ಎಂದರೆ ಚಿಕ್ಕದು. ಆದುದರಿಂದ ಚಿಕ್ಕ ಬಾವು ಕುರು ಎನ್ನಬಹುದು. ಇವೆರಡೂ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಮೊದಲನೆಯದಕ್ಕೆ ಮಲೆಯಾಳವೇ ಬಾಧಕ. ಆ ಭಾಷೆಯಲ್ಲಿ ‘ಗುರು’ ಬೇರೆ, ‘ಕುರು’ ಬೇರೆ. ಅರ್ಥವೂ ಲಿಪಿಯೂ ಎಲ್ಲಿಯೂ ಬೆರೆತಿಲ್ಲ. ಎರಡನೆಯದಕ್ಕೆ ಶಕಟರೇಫೆಯು ಬಾಧಕ. ಹಳಗನ್ನಡದಲ್ಲಿ ರಕಾರ, ಱಕಾರಗಳು ಭಿನ್ನ ವರ್ಣಗಳು. ‘ಅರೆ’ ಎಂದರೆ ಅರ್ಧ, ‘ಅಱೆ’ ಎಂದರೆ ಬಂಡೆ. ಚಿಕ್ಕದೆಂಬ ಅರ್ಥದ ‘ಕುಱು’ವಿನಲ್ಲಿಯೂ, ಗುರುತೆಂಬ ಅರ್ಥದ ‘ಕುಱುಪು’ವಿನಲ್ಲಿಯೂ ಇರುವುದು ಶಕಟರೇಫೆ. ಆದರೆ ಬಾವೆಂಬ ಅರ್ಥದ ಶಬ್ದಕ್ಕೆ ತಮಿಳು, ಮಲೆಯಾಳಗಳೆರಡರಲ್ಲೂ ಸಾಧಾರಣ ರೇಫೆಯೇ ಇದೆ. ಈ ವರ್ಣಭೇದವನ್ನು ಆ ಎರಡು ಭಾಷೆಗಳ ಬರಹ ಇಂದಿಗೂ ಪಾಲಿಸುತ್ತಿರುವುದರಿಂದ ಅವುಗಳ ಸಾಕ್ಷ್ಯ ಬಲವಾದುದು. ತೆಲುಗಿನ ‘ಕುರುಪು’ ಸಹ ಇದೇ ಪಕ್ಷಕ್ಕೆ ಸೇರುತ್ತದೆ.

ಹಾಗಾದರೆ ಮೂಲಾರ್ಥ ಯಾವುದು? ಮಲೆಯಾಳದಲ್ಲಿ ‘ಕುರು’ವಿಗೆ ಬೀಜವೆಂಬ ಅರ್ಥವೂ ಉಂಟು. ಹಲಸಿನ ಬೀಜ ‘ಚಕ್ಕಕ್ಕುರು’, ಮೊಡವೆ ‘ಮುಖಕ್ಕುರು’. ತಮಿಳಿನಲ್ಲಿ ಬೆವರುಸಾಲೆ ‘ವೇರ್ಕ್ಕುರು’. ತೊಗಲಿನ ಕೆಳಗೆ ಬೆರಳಿಗೆ ಸಿಗುವ ಗಂಟು ಬೀಜದಂತೆ ತೋರುವುದು ಅನುಭವಸಿದ್ಧ. ಆದುದರಿಂದ ಬೀಜಸಾದೃಶ್ಯದಿಂದ ಬಾವಿಗೆ ಈ ಹೆಸರು ಬಂದಿತೆಂಬುದು ಯುಕ್ತವಾಗಿ ತೋರುತ್ತದೆ. ಸುಶ್ರುತನು ಮುಖದೂಷಿಕೆಯನ್ನು ಬೂರುಗದ ಮುಳ್ಳಿಗೆ ಹೋಲಿಸಿದ್ದಾನೆ. ಅಲ್ಲಿ ಮುಳ್ಳು, ಇಲ್ಲಿ ಬೀಜ. ವೈದ್ಯನ ಕಣ್ಣು ಮೇಲಣ ಮೊನೆಯನ್ನು ಕಂಡಿತು, ಜನಭಾಷೆ ಒಳಗಣ ಗಂಟನ್ನು ಮುಟ್ಟಿತು.

ಈ ಚರ್ಚೆ ಕೇವಲ ಶಬ್ದಕುತೂಹಲಕ್ಕೆ ಸೀಮಿತವಲ್ಲ. ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದ ಜಗದ್ದಳ ಸೋಮನಾಥ, ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ ಮಂಗರಾಜ ಮೊದಲಾದ ಜೈನ ಗ್ರಂಥಕಾರರಿಂದ ಕನ್ನಡ ವೈದ್ಯವಾಙ್ಮಯವು ಸಮೃದ್ಧವಾಯಿತು. ಇಂಥ ಗ್ರಂಥಗಳು ಲಿಪಿಕಾರರ ಕೈಯಿಂದ ಕೈಗೆ ಸಾಗಿ ಬಂದಿವೆ. ಶಕಟರೇಫೆ ಉಚ್ಚಾರದಿಂದ ಮರೆಯಾದ ಮೇಲೆ ಬರೆದವರಿಗೆ ಎರಡೂ ರೇಫೆಗಳು ಒಂದೇ. ಅಂಥ ಪ್ರತಿಯಲ್ಲಿ ‘ಕುರು’ ಎಂದು ಮೊದಲಾಗುವ ಸಮಾಸವು ರೋಗವನ್ನು ಹೇಳುತ್ತದೆಯೋ, ಮೂಲಿಕೆಯ ಚಿಕ್ಕತನವನ್ನು ಹೇಳುತ್ತದೆಯೋ ಎಂಬ ಸಂದೇಹ ಸಹಜ. ಸಂಪಾದಕನು ಹಳೆಯ ಪ್ರತಿಯಲ್ಲಿರುವ ಱಕಾರವನ್ನು ಸೌಕರ್ಯಕ್ಕಾಗಿ ರಕಾರವಾಗಿಸಿ ಅಚ್ಚುಹಾಕಿದರೆ, ಆ ಸಂದೇಹವನ್ನು ಪರಿಹರಿಸುವ ಏಕೈಕ ಚಿಹ್ನೆಯನ್ನು ತಾನೇ ಅಳಿಸಿದಂತಾಗುತ್ತದೆ.

ಪದ್ಯಗ್ರಂಥಗಳಲ್ಲಿ ಇನ್ನೊಂದು ಆಧಾರವುಂಟು. ಶಬ್ದವು ಪಾದದ ಆದಿಯಲ್ಲಿ ಬಂದರೆ ಅದರ ದ್ವಿತೀಯ ವ್ಯಂಜನವೇ ಪ್ರಾಸಾಕ್ಷರ. ಪ್ರಾಸದಲ್ಲಿ ಈ ರೇಫೆಗಳನ್ನು ಬೆರಸದ ಹಳೆಯ ಕವಿಯ ಪದ್ಯವಾದರೆ, ಉಳಿದ ಪಾದಗಳ ಪ್ರಾಸದಿಂದಲೇ ಲಿಪಿಕಾರನು ಕಳೆದ ಅಕ್ಷರವನ್ನು ಮರಳಿ ಪಡೆಯಬಹುದು. ಗದ್ಯದಲ್ಲಿ ಈ ಕಾವಲಿಲ್ಲ. ಅಲ್ಲಿ ಪ್ರಾಚೀನತರ ಪ್ರತಿಯ ಅಕ್ಷರವೂ ಪ್ರಕರಣವೂ ಮಾತ್ರ ಶರಣು.

ಆದುದರಿಂದ ವೈದ್ಯಗ್ರಂಥಗಳನ್ನು ಸಂಪಾದಿಸುವವರು ಪ್ರತಿಯಲ್ಲಿದ್ದ ರೇಫೆಯನ್ನು ಇದ್ದಂತೆಯೇ ಉಳಿಸತಕ್ಕದ್ದು. ತಿದ್ದುವುದಾದರೆ ಮೂಲಪಾಠವನ್ನು ಅಡಿಯಲ್ಲಿ ತೋರಿಸತಕ್ಕದ್ದು. ಅದರೊಡನೆ ಪುಲಿಗೆರೆ ಸೀಮೆಯ ಆಡುಮಾತಿಗೂ ಕಿವಿಗೊಡಬೇಕು. ಮುಂಡರಗಿಯ ಮುದುಕಿಯೊಬ್ಬಳು ಮೊಡವಿ, ಗುಳ್ಳಿ, ಕುರಗಳನ್ನು ಬೇರ್ಪಡಿಸಿ ಹೇಳುವಾಗ, ಓಲೆಯಲ್ಲಿ ಮಸುಕಾದ ಅರ್ಥವು ಅವಳ ನಾಲಗೆಯಲ್ಲಿ ಸ್ಪಷ್ಟವಾಗಿರಬಹುದು.