ಹಗಲಿನವರಿಗೆ ಬರೆದ ಪಥ್ಯ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೊರಟವರ ಕೈಗೆ ಆಸ್ಪತ್ರೆ ಒಂದು ಡಯಟ್ ಚಾರ್ಟ್ ಕೊಡುತ್ತದೆ. ಎಡಬದಿಯಲ್ಲಿ ಹೊತ್ತು, ಬಲಬದಿಯಲ್ಲಿ ಆಹಾರ. ಬೆಳಿಗ್ಗೆ ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಪ್ರೋಟೀನ್ ಪಾನೀಯ, ಒಂದಕ್ಕೆ ಊಟ, ಸಂಜೆ ಏನಾದರೂ ಸ್ವಲ್ಪ, ರಾತ್ರಿ ಎಂಟಕ್ಕೆ ಕೊನೆಯ ಊಟ: ಸಾಮಾನ್ಯವಾಗಿ ಇದೇ ಮಾದರಿ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿ ಒಂಬತ್ತಕ್ಕೆ ಹೆಡ್‌ಫೋನ್ ಹಾಕಿಕೊಳ್ಳುವವರಿಗೆ, ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸಿಗೆ, ಪೀಣ್ಯದ ಕಾರ್ಖಾನೆಯಲ್ಲಿ ಮೂರನೇ ಪಾಳಿ ದುಡಿಯುವವರಿಗೆ ಸಿಗುವುದೂ ಇದೇ ಹಾಳೆ. ಅದರ ಬಲಬದಿ ಗಟ್ಟಿಯಾದ ವೈದ್ಯಕೀಯ ಸಾಕ್ಷ್ಯದ ಮೇಲೆ ನಿಂತಿದೆ, ಎಡಬದಿ ಬರೀ ರೂಢಿಯ ಮೇಲೆ. ರಾತ್ರಿ ದುಡಿಯುವವರು ಗುರಿ ಮುಟ್ಟದೆ ಹೋದಾಗ ಶಿಸ್ತು ಸಾಲದು ಎಂದು ಅವರನ್ನು ದೂರುತ್ತೇವೆ. ದೂರಬೇಕಾದದ್ದು ಎಡಬದಿಯನ್ನು.

ಬಲಬದಿಗೆ ಸಲ್ಲಬೇಕಾದ ಮನ್ನಣೆ ಮೊದಲು ಸಲ್ಲಲಿ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಬೈಪಾಸಿನಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ಉಳಿಸಿಕೊಂಡು ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಷ್ಟು ಕಿರಿದಾದ ಜಾಗದಲ್ಲಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಒಂದೂವರೆ ಲೀಟರಿಗಿಂತ ಹೆಚ್ಚು ದ್ರವ, 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಕಬ್ಬಿಣಾಂಶ, ಬಿ12, ಥಯಾಮಿನ್, ಡಿ ವಿಟಮಿನ್ ಒಳಹೋಗಬೇಕು. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನೀರು ಸಾಲದಿದ್ದರೆ ಮತ್ತೆ ಆಸ್ಪತ್ರೆಗೆ ಬರಬೇಕಾದೀತು. ಈ ಶಸ್ತ್ರಚಿಕಿತ್ಸೆಯಾದವರು ಮೊದಲ ವಾರಗಳಲ್ಲಿ ತುರ್ತು ಚಿಕಿತ್ಸೆಗೆ ಮರಳುವ ಸಾಮಾನ್ಯ ಕಾರಣಗಳಲ್ಲಿ ನಿರ್ಜಲೀಕರಣವೂ ಒಂದು. ಈ ಗುರಿಗಳಲ್ಲಿ ಯಾವುದನ್ನೂ ರಾತ್ರಿ ಪಾಳಿಯ ನೆಪದಲ್ಲಿ ತಗ್ಗಿಸುವಂತಿಲ್ಲ. ಪ್ರಶ್ನೆ ಇರುವುದು ಅವನ್ನು ಯಾವ ಹೊತ್ತಿನಲ್ಲಿ ಹೊಂದಿಸಬೇಕು ಎಂಬುದರಲ್ಲಿ.

ಹೊಂದಿಸುವುದು ಎಷ್ಟು ಕಷ್ಟ ಎಂಬುದಕ್ಕೆ ನೀರಿನ ಲೆಕ್ಕವೊಂದೇ ಸಾಕು. ತಿನ್ನುವಾಗ ಕುಡಿಯಬಾರದು, ತಿಂದ ಮೇಲೂ ಅರ್ಧ ಗಂಟೆ ಕುಡಿಯಬಾರದು. ತಿನ್ನುವುದೂ ನಿಧಾನವಾಗಿಯೇ ಆಗಬೇಕು, ಅದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ದಿನಕ್ಕೆ ಐದು ಸಲ ತಿಂದರೆ ಎಚ್ಚರವಿರುವ 16 ಗಂಟೆಗಳಲ್ಲಿ ಐದು ಗಂಟೆ ನೀರಿಗೆ ಮುಚ್ಚಿಹೋಗುತ್ತದೆ. ಉಳಿದ 11 ಗಂಟೆಯಲ್ಲಿ ಒಂದೂವರೆ ಲೀಟರ್ ಎಂದರೆ ಗಂಟೆಗೆ ಸುಮಾರು 140 ಮಿಲಿಲೀಟರ್, ಅದೂ ಗುಟುಕು ಗುಟುಕಾಗಿ. ಕ್ಯಾಬಿನಲ್ಲಿ ಹೋಗಿಬರುವ ಮೂರು ಗಂಟೆಯನ್ನು ಇದರಿಂದ ಕಳೆಯಿರಿ. ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯಕ್ಕೆ ಕ್ಯಾಬ್ ಹತ್ತುವ ಮೊದಲೇ ನೀರು ಬಿಡುವ ಹೆಣ್ಣುಮಕ್ಕಳಿಗೆ ಈ ಕಳೆತ ಇನ್ನೂ ದೊಡ್ಡದು. ಉಳಿಯುವುದು ಎಂಟು ಗಂಟೆ, ಗಂಟೆಗೆ 190 ಮಿಲಿಲೀಟರ್. ಆ ಎಂಟರಲ್ಲಿ ಬಹುಪಾಲು ಡ್ಯೂಟಿಯ ಹೊತ್ತು. ಅಲ್ಲಿ ಏಸಿಯ ತಂಪಿನಲ್ಲಿ ಬಾಯಾರಿಕೆ ಅಷ್ಟಾಗಿ ತಿಳಿಯುವುದಿಲ್ಲ. ಹಸಿವೂ ನೆನಪಿಸುವುದಿಲ್ಲ, ಏಕೆಂದರೆ ಹಸಿವಿನ ಹಾರ್ಮೋನಾದ ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಜಠರದ ಮೇಲ್ಭಾಗವೇ ಸ್ಲೀವ್‌ನಲ್ಲಿ ಹೋಗಿರುತ್ತದೆ. ಒಳಗಿನಿಂದ ಯಾವ ಕರೆಯೂ ಬಾರದ ಇಂಥ ದೇಹಕ್ಕೆ ಹೊರಗಿನ ವೇಳಾಪಟ್ಟಿಯೇ ಆಧಾರ. ಆ ವೇಳಾಪಟ್ಟಿಯೋ, ರಾತ್ರಿಯಿಡೀ ದುಡಿದು ಮಲಗಿರುವ ವ್ಯಕ್ತಿಗೆ ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ ತಿನ್ನಲು ಹೇಳುತ್ತದೆ; ಆ ವ್ಯಕ್ತಿ ಎಚ್ಚರವಿರುವ ನಡುರಾತ್ರಿಯ ಎದುರು ಒಂದಕ್ಷರವನ್ನೂ ಬರೆಯುವುದಿಲ್ಲ.

ಆ ಖಾಲಿ ಜಾಗವನ್ನು ಕ್ಯಾಂಟೀನು ತುಂಬುತ್ತದೆ. ರಾತ್ರಿ ಎರಡಕ್ಕೆ ಅಲ್ಲಿ ಸುಲಭವಾಗಿ ಸಿಗುವುದು ಪಫ್, ಬಿಸ್ಕತ್ತು, ನೂಡಲ್ಸ್, ಸಕ್ಕರೆ ತುಂಬಿದ ಚಹಾ. ಬೈಪಾಸ್ ಆದವರು ಸಿಹಿ ತಿಂದರೆ ಅದು ಸರ್ರನೆ ಕರುಳಿಗಿಳಿದು ಹೊಟ್ಟೆ ಹಿಂಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕೆಲವರಲ್ಲಿ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮಂಕು ಕಾಣಿಸಿಕೊಳ್ಳುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಬರುವ ಮಂಕನ್ನು ನಿದ್ದೆಗೇಡಿನ ಲೆಕ್ಕಕ್ಕೆ ಹಾಕುವುದು ಎಷ್ಟು ಸುಲಭ! ಇದಕ್ಕಿಂತ ಭಯ ಹುಟ್ಟಿಸುವುದು ಥಯಾಮಿನ್ ಕೊರತೆ. ಪದೇ ಪದೇ ವಾಂತಿಯಾಗುತ್ತಿರುವವರಲ್ಲಿ ಅದು ಕೆಲವೇ ವಾರಗಳಲ್ಲಿ ತಲೆದೋರಬಹುದು: ನಡಿಗೆ ತೂರಾಡುತ್ತದೆ, ಎರಡೆರಡಾಗಿ ಕಾಣುತ್ತದೆ, ಗೊಂದಲ ಕವಿಯುತ್ತದೆ. ರಾತ್ರಿ ಪಾಳಿಯವರ ವಿಷಯದಲ್ಲಿ ಇದನ್ನೂ ದಣಿವೆಂದು ತಳ್ಳಿಹಾಕುವ ಅಪಾಯವಿದೆ. ಒಂದು ದಿನವೂ ಕಾಯದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳಿವು.

ಮನೆಯಿಂದ ಡಬ್ಬಿ ಒಯ್ದರೆ ಆಯಿತಲ್ಲ ಎನ್ನಬಹುದು. ಆಗುತ್ತದೆ, ಒಳಗೆ ಏನಿದೆ ಎಂಬುದು ಸರಿಯಾಗಿದ್ದರೆ. ಶಕ್ತಿ ಬರಲೆಂದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಮಾಡಿಕೊಡುವ ರಾಗಿ ಗಂಜಿ ಕ್ಯಾಲ್ಸಿಯಂ ವಿಷಯದಲ್ಲಿ ಉತ್ತಮ, ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದೇ ಸುಮಾರು ಏಳು ಗ್ರಾಂ. ಒಂದು ಲೋಟ ಗಂಜಿಗೆ ಬೀಳುವ ಹಿಟ್ಟಿನಿಂದ ದಕ್ಕುವುದು ಎರಡು ಗ್ರಾಂ. ಒಂದು ಬೇಯಿಸಿದ ಮೊಟ್ಟೆ, ನೂರು ಗ್ರಾಂ ಪನೀರ್, ಒಂದು ಲೋಟ ಹಾಲು, ಒಂದು ಬಟ್ಟಲು ಗಟ್ಟಿ ತೊವ್ವೆ, ಇಷ್ಟೂ ಸೇರಿದರೂ 40 ಗ್ರಾಂ ಮುಟ್ಟುವುದು ಕಷ್ಟ. ಸಸ್ಯಾಹಾರಿಗಳಂತೂ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿಯ ನೆರವಿಲ್ಲದೆ 60 ಗ್ರಾಂ ತಲುಪುವುದು ಅಪರೂಪ. ಬಾಟಲಿಯಲ್ಲಿ ಕಲಸಿಟ್ಟ ಆ ಪಾನೀಯವನ್ನು ಕೂತಲ್ಲೇ ಗುಟುಕರಿಸಬಹುದು, ಅದು ದ್ರವದ ಲೆಕ್ಕಕ್ಕೂ ಸೇರುತ್ತದೆ. ಹಾಗಾಗಿ ರಾತ್ರಿ ಪಾಳಿಗೆ ನಾನು ಮೊದಲ ಸ್ಥಾನ ಕೊಡುವುದು ಅದಕ್ಕೆ, ಆಮೇಲೆ ನೀರು ಮಜ್ಜಿಗೆಗೆ.

ಗಂಭೀರವಾದ ಆಕ್ಷೇಪ ಬೇರೊಂದಿದೆ: ರಾತ್ರಿ ತಿನ್ನುವುದೇ ದೇಹಕ್ಕೆ ಕೇಡಲ್ಲವೇ? 2021ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದಕ್ಕೆ ಬಲ ಕೊಡುತ್ತದೆ. 19 ಆರೋಗ್ಯವಂತ ಯುವಜನರನ್ನು ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಯಂಥ ದಿನಚರಿಗೆ ಒಳಪಡಿಸಿದಾಗ, ರಾತ್ರಿಯೂ ತಿಂದವರ ರಕ್ತದ ಸಕ್ಕರೆ ಸರಾಸರಿ ಶೇ 6.4ರಷ್ಟು ಏರಿತು, ಹಗಲಲ್ಲಷ್ಟೇ ತಿಂದವರಲ್ಲಿ ಆ ಏರಿಕೆ ಕಾಣಲಿಲ್ಲ. ಇದನ್ನು ಕಡೆಗಣಿಸಲಾಗದು. ಆದರೆ ಆ 19 ಮಂದಿಗೂ ಜಠರ ಪೂರ್ತಿ ಇತ್ತು. ಹಗಲಿನಲ್ಲೇ ದಿನದ ಪಾಲನ್ನು ಉಂಡು ಮುಗಿಸಲು ಅವರಿಗೆ ಅಡ್ಡಿಯಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾದವರು ಹಗಲು ನಿದ್ದೆ ಕಳೆದು ಉಳಿಯುವ ಐದಾರು ಗಂಟೆಗೆ 60 ಗ್ರಾಂ ಪ್ರೋಟೀನನ್ನು ತುರುಕಿದರೆ ವಾಂತಿ ಮಾಡಿಕೊಳ್ಳುತ್ತಾರೆ. ಅಧ್ಯಯನದ ಸಾರವನ್ನು ಬೇರೆ ರೀತಿಯಲ್ಲಿ ಬಳಸಿಕೊಳ್ಳಬೇಕು ಎಂಬುದು ನನ್ನ ವಾದ. ಅನ್ನ, ಮುದ್ದೆ, ಚಪಾತಿ ಇರುವ ಊಟಗಳು ಮಧ್ಯಾಹ್ನ ಎದ್ದ ಮೇಲೆ ಮತ್ತು ಕೆಲಸಕ್ಕೆ ಹೊರಡುವ ಮೊದಲು ಆಗಲಿ. ನಡುರಾತ್ರಿಯಿಂದ ಬೆಳಗಿನವರೆಗೆ ಪ್ರೋಟೀನಿನ ಸಣ್ಣ ತುತ್ತುಗಳೂ ನೀರೂ ಮಾತ್ರ ಇರಲಿ. ತೂಕ ನೆಲೆಗೊಂಡು ಒಂದೇ ಸಲಕ್ಕೆ ಇನ್ನಷ್ಟು ಉಣ್ಣಲು ಸಾಧ್ಯವಾದ ಮೇಲೆ ರಾತ್ರಿಯ ತುತ್ತನ್ನೂ ಬಿಡುವ ಯೋಚನೆ ಮಾಡಬಹುದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಬದಲಾವಣೆಗೆ ಕೈಹಾಕಬಾರದು.

ಚಾರ್ಟು ಬರೀ ಸೂಚನೆ, ತಮಗೆ ಬೇಕಾದಂತೆ ಹೊತ್ತು ಬದಲಿಸಿಕೊಳ್ಳಲಿ ಎನ್ನುವವರೂ ಇದ್ದಾರೆ. ಒಂದು ಸಾಲನ್ನು ಸರಿಸಿದರೆ ಉಳಿದವೂ ಸರಿಯುತ್ತವೆ ಎಂಬುದನ್ನು ಅವರು ಗಮನಿಸಿಲ್ಲ. ಕ್ಯಾಲ್ಸಿಯಂ ಒಂದೇ ಸಲಕ್ಕೆ ಮೈಗೆ ಹತ್ತದ ಕಾರಣ ಅದನ್ನು ಎರಡು ಮೂರು ಬಾರಿಗೆ ಹಂಚಬೇಕು. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆಯ ಅಂತರ ಬೇಕು. ಚಹಾ ಕಾಫಿ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತವೆ, ರಾತ್ರಿ ಪಾಳಿಯೋ ಚಹಾದ ಮೇಲೆಯೇ ನಡೆಯುತ್ತದೆ. ವಾರದ ರಜೆಯಲ್ಲಿ ಮನೆಮಂದಿಯ ಹೊತ್ತಿಗೆ ಮರಳಿದರೆ ಇದೆಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಶಸ್ತ್ರಚಿಕಿತ್ಸೆಯ ದಣಿವಿನಲ್ಲಿರುವವರ ಮೇಲೆ ಈ ಲೆಕ್ಕವನ್ನು ಹೊರಿಸುವುದು ಅನ್ಯಾಯ. ಅದು ಪಥ್ಯತಜ್ಞರ ಕೆಲಸ. ಪಾಳಿಯನ್ನೇ ಬಿಡಿ ಎಂಬ ಸಲಹೆ ಬಿಡಲು ಶಕ್ತರಾದವರಿಗೆ ಒಳ್ಳೆಯದೇ. ಆದರೆ ಆಸ್ಪತ್ರೆಗಳೇ ನೈಟ್ ಡ್ಯೂಟಿಯ ನರ್ಸುಗಳಿಲ್ಲದೆ ನಡೆಯವು.

ಕೆಲಸದ ಜಾಗಕ್ಕೂ ಇಲ್ಲಿ ಹೊಣೆಯಿದೆ. 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ದುಡಿತಕ್ಕೆ ಕನಿಷ್ಠ ಅರ್ಧ ಗಂಟೆಯ ಬಿಡುವೆಂದು ಬರೆದಿತು, ನಮ್ಮ ಬಿಡುವಿನ ಕಲ್ಪನೆ ಈಗಲೂ ಹೆಚ್ಚುಕಡಿಮೆ ಅಷ್ಟೇ. ಆ ಅರ್ಧ ಗಂಟೆ ನಿಧಾನವಾಗಿ ತಿನ್ನುವುದಕ್ಕೇ ಮುಗಿಯುತ್ತದೆ. ನೀರು ಕುಡಿಯುವ ಸರದಿ ಬರುವ ಹೊತ್ತಿಗೆ ಅವರು ಮತ್ತೆ ಕೆಲಸದ ಜಾಗದಲ್ಲಿರುತ್ತಾರೆ. ಅಲ್ಲಿ ಬಾಟಲಿ ಇಟ್ಟುಕೊಳ್ಳಲು ಬಿಡದಿದ್ದರೆ ಯಾವ ಪಥ್ಯವೂ ನಡೆಯದು. ಬಾಟಲಿಗೆ ಅನುಮತಿ, ಹತ್ತು ನಿಮಿಷದ ಒಂದೆರಡು ಹೆಚ್ಚಿನ ಬಿಡುವು, ಇಷ್ಟನ್ನು ವೈದ್ಯರು ಪತ್ರದಲ್ಲಿ ಕೇಳಬಹುದು. ಶಸ್ತ್ರಚಿಕಿತ್ಸೆಯ ಹೆಸರನ್ನು ಅದರಲ್ಲಿ ಬರೆಯುವ ಅಗತ್ಯವಿಲ್ಲ. ಸಹೋದ್ಯೋಗಿಗಳಿಗೆ ತಿಳಿಸಲು ಹಿಂಜರಿಯುವವರಿಗೆ ಅದೇ ದೊಡ್ಡ ಉಪಕಾರ.

ಎಡಬದಿಯ ಗಂಟೆಗಳನ್ನು ಅಳಿಸಿ, ಎದ್ದ ಹೊತ್ತನ್ನು ಸೊನ್ನೆಯೆಂದು ಹಿಡಿದು, ಅಲ್ಲಿಂದ ಎಷ್ಟನೇ ಗಂಟೆಗೆ ಏನು ಎಂದು ಬರೆದುಕೊಡಲು ಹೊಸ ಸಂಶೋಧನೆಯಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ರಾತ್ರಿ ದುಡಿಯುವವರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲೇ ತಮ್ಮ ಮುಂದಿನ ತಿಂಗಳ ಡ್ಯೂಟಿ ಪಟ್ಟಿಯನ್ನು ಪಥ್ಯತಜ್ಞರ ಮೇಜಿನ ಮೇಲಿಟ್ಟು, ಪಾಳಿಯ ದಿನಕ್ಕೊಂದು ರಜೆಯ ದಿನಕ್ಕೊಂದು ಚಾರ್ಟ್ ಕೇಳಿ ಬರೆಸಿಕೊಳ್ಳಲಿ.